ಬಾಲ್ಯದ ಪುಸ್ತಕ ಓದಿದ ಮೇಲೆ ಏನು ಮಾತಾಡೋದು, ಹೇಗೆ ಮಾತಾಡೋದು

ಬಾಲ್ಯದ ಬಗ್ಗೆ ಬರೆದ ಪುಸ್ತಕ ಓದಿ ನಾಲ್ಕು ಜನ ಮಾತಿಗೆ ಕೂತರೆ ಸ್ವಲ್ಪ ಹೊತ್ತಿನಲ್ಲೇ ಪುಸ್ತಕ ಮಾಯ. ಒಬ್ಬರು ಅಜ್ಜಿ ಹೇಳುತ್ತಿದ್ದ ಕಥೆ ಶುರು ಮಾಡುತ್ತಾರೆ, ಇನ್ನೊಬ್ಬರಿಗೆ ಮೇಷ್ಟ್ರ ಹೊಡೆತ ನೆನಪಾಗುತ್ತದೆ, ಮೂರನೆಯವರು ಈಗಿನ ಮಕ್ಕಳಿಗೆ ಅದೆಲ್ಲ ಎಲ್ಲಿ ಬರಬೇಕು ಅಂತ ನಿಟ್ಟುಸಿರು ಬಿಡುತ್ತಾರೆ. ಹರಟೆ ಚೆನ್ನಾಗಿಯೇ ಇರುತ್ತದೆ. ಆದರೆ ಆ ಪುಸ್ತಕ ಓದದೇ ಇದ್ದಿದ್ದರೂ ಅದೇ ಹರಟೆ ನಡೆಯುತ್ತಿತ್ತು, ಅಲ್ವಾ? ಬೇರೆ ಪುಸ್ತಕಗಳಿಗೆ ಈ ಕಾಟ ಇಷ್ಟಿಲ್ಲ. ಪತ್ತೇದಾರಿ ಕಾದಂಬರಿ ಓದಿದವರು ಯಾರೂ ತಾವು ಮಾಡಿದ ಕೊಲೆ ನೆನೆಸಿಕೊಂಡು ಕೂರುವುದಿಲ್ಲ. ಬಾಲ್ಯ ಮಾತ್ರ ಎಲ್ಲರ ಹತ್ತಿರವೂ ಒಂದೊಂದು ಇದೆ. ಹಾಗಾಗಿ ಎಲ್ಲರೂ ಪಂಡಿತರೇ.

ನಿಮ್ಮ ನೆನಪನ್ನು ಹೊರಗಿಟ್ಟು ಬನ್ನಿ ಅಂತ ನಾನು ಹೇಳುತ್ತಿಲ್ಲ. ಅದಿಲ್ಲದೆ ಇಂಥ ಪುಸ್ತಕ ಒಳಗಿಳಿಯುವುದೇ ಇಲ್ಲ. ಪುಸ್ತಕದಿಂದ ನೆನಪಿಗೆ ಹೋಗಿ, ಅಲ್ಲಿಂದ ಏನಾದರೂ ಹಿಡಿದುಕೊಂಡು ಮತ್ತೆ ಪುಸ್ತಕಕ್ಕೆ ವಾಪಸ್ ಬರಬೇಕು. ಹೋಗೋದು ಎಲ್ಲರಿಗೂ ಬರುತ್ತದೆ. ವಾಪಸ್ ಬರೋದು ಹೇಗೆ ಅಂತ ನೋಡೋಣ.

ಮೊದಲು ಕೈಯಲ್ಲಿರುವ ಪುಸ್ತಕ ಯಾವ ಜಾತಿಯದ್ದು ಅಂತ ಗೊತ್ತು ಮಾಡಿಕೊಳ್ಳಿ. ಮಕ್ಕಳು ಓದಲಿ ಅಂತ ಬರೆದದ್ದು ಬೇರೆ, ಬಾಲ್ಯವನ್ನು ದೊಡ್ಡವರಿಗೆ ಹೇಳೋದಕ್ಕೆ ಬರೆದದ್ದು ಬೇರೆ. ಎರಡನೆಯದರಲ್ಲೇ ಮತ್ತೆ ಆತ್ಮಕಥೆ, ಕಾದಂಬರಿ, ಡೈರಿ ಅಂತ ಇವೆ. ಇದನ್ನು ನೋಡಿಕೊಳ್ಳದೆ ಮಾತು ಶುರು ಮಾಡಿದರೆ 'ಪಾಪ, ಲೇಖಕರಿಗೆ ಚಿಕ್ಕಂದಿನಲ್ಲಿ ಎಷ್ಟು ಕಷ್ಟ ಇತ್ತು' ಅಂತ ಯಾರೋ ಮರುಗುತ್ತಾರೆ, ಆಮೇಲೆ ನೋಡಿದರೆ ಅದು ಪೂರ್ತಿ ಕಟ್ಟುಕಥೆ. ಟಾಲ್‌ಸ್ಟಾಯ್ ಅವರ ಮೊದಲ ಪ್ರಕಟಿತ ಕೃತಿ 'ಬಾಲ್ಯ' 1852ರಲ್ಲಿ ಒಂದು ಪತ್ರಿಕೆಯಲ್ಲಿ ಬಂತು. ಸಂಪಾದಕರು ಅದಕ್ಕೆ 'ನನ್ನ ಬಾಲ್ಯದ ಕಥೆ' ಅಂತ ಹೆಸರು ಬದಲಾಯಿಸಿ ಅಚ್ಚು ಹಾಕಿದರು. ಟಾಲ್‌ಸ್ಟಾಯ್‌ಗೆ ಸಿಟ್ಟು ಬಂತು, ನನ್ನ ಬಾಲ್ಯದ ಕಥೆ ಯಾರಿಗೆ ಬೇಕಾಗಿದೆ ಅನ್ನೋದು ಅವರ ತಕರಾರು. ಆ ಪುಸ್ತಕದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗ ತಾಯಿಯನ್ನು ಕಳೆದುಕೊಳ್ಳುತ್ತಾನೆ, ಆ ಭಾಗ ಓದಿದವರು ಇದು ಕಣ್ಣಾರೆ ಕಂಡದ್ದೇ ಅಂತ ಆಣೆ ಮಾಡಿ ಹೇಳುವ ಹಾಗಿದೆ. ಆದರೆ ಟಾಲ್‌ಸ್ಟಾಯ್ ತಾಯಿ ತೀರಿಕೊಂಡಾಗ ಅವರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ವಯಸ್ಸಿನ ಘಟನೆ ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ. ದೊಡ್ಡವರಾದ ಮೇಲೆ ನಮಗೆ ಸಿಗುವ ಅತಿ ಹಳೆಯ ನೆನಪುಗಳು ಮೂರು, ಮೂರೂವರೆ ವರ್ಷದ ಈಚೆಯವು. ಈ ಒಂದು ವಿಷಯ ಗೊತ್ತಿದ್ದರೆ ಸಾಕು, 'ಹೀಗೆ ನಡೆಯಿತಾ' ಅಂತ ಕೇಳುವ ಬದಲು 'ನೆನಪೇ ಇಲ್ಲದ ಸಾವನ್ನು ಈ ಮನುಷ್ಯ ಹೇಗೆ ಕಟ್ಟಿದ, ಯಾಕೆ ಕಟ್ಟಿದ' ಅಂತ ಕೇಳಬಹುದು. ಆಗ ಮಾತು ಬೇರೆ ಕಡೆಗೇ ಹೋಗುತ್ತದೆ.

ಡೈರಿಯಾದರೆ ಹಸಿಹಸಿ ಸತ್ಯ ಅಂತಲೂ ನಂಬಿ ಕೂರಬೇಡಿ. 1944ರ ಮಾರ್ಚ್‌ನಲ್ಲಿ ಲಂಡನ್‌ನಿಂದ ಬಂದ ಡಚ್ ರೇಡಿಯೊ ಪ್ರಸಾರದಲ್ಲಿ, ಯುದ್ಧಕಾಲದ ಡೈರಿ ಮತ್ತು ಪತ್ರಗಳನ್ನು ಜೋಪಾನ ಮಾಡಿ ಅಂತ ಮಂತ್ರಿಯೊಬ್ಬರು ಕರೆ ಕೊಟ್ಟದ್ದನ್ನು ಕೇಳಿ, ನಾಜಿಗಳಿಗೆ ಹೆದರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಡಗಿ ಕೂತಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ತನ್ನ ಡೈರಿಯನ್ನು ತಾನೇ ತಿದ್ದಿ ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯೋಕೆ ಕೂತಳು. ಅಂದರೆ ಹದಿನಾಲ್ಕರ ಹುಡುಗಿ ಹದಿಮೂರರ ತನ್ನನ್ನೇ ತಿದ್ದುತ್ತಿದ್ದಾಳೆ. ಇದರಿಂದ ಡೈರಿಯ ಬೆಲೆ ಏನೂ ಕಮ್ಮಿಯಾಗುವುದಿಲ್ಲ, ಓದುವ ನಮ್ಮ ಕಣ್ಣು ಸ್ವಲ್ಪ ಚುರುಕಾಗುತ್ತದೆ ಅಷ್ಟೇ.

ಇನ್ನು ಓದುವಾಗ ಪೆನ್ಸಿಲ್ ಇಟ್ಟುಕೊಳ್ಳಿ. ಚೆಂದದ ವಾಕ್ಯಗಳಿಗೆ ಗೆರೆ ಎಳೆಯೋದಕ್ಕಲ್ಲ. ಚೆಂದದ ವಾಕ್ಯ ಬರೆಯೋದು ದೊಡ್ಡವರು. ಮಗು ಮಾತ್ರ ನೋಡಬಲ್ಲ ವಿವರ ಎಲ್ಲಾದರೂ ಸಿಕ್ಕರೆ ಅಲ್ಲಿ ಗುರುತು ಹಾಕಿ. ನನ್ನ ಪ್ರಕಾರ ಇದಕ್ಕೆ ಇನ್ನೊಬ್ಬ ರಷ್ಯನ್ ಲೇಖಕ ಗೋರ್ಕಿಯ ಆತ್ಮಕಥೆ 'ಬಾಲ್ಯ'ದ ಮೊದಲ ಅಧ್ಯಾಯಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಅಪ್ಪ ಸತ್ತಿದ್ದಾನೆ. ಮಳೆ ಬಂದಿದೆ, ಗುಂಡಿಯಲ್ಲಿ ನೀರು ನಿಂತಿದೆ, ಶವಪೆಟ್ಟಿಗೆ ಇಳಿಸಿಯಾಗಿದೆ. ಅಷ್ಟರಲ್ಲಿ ಗುಂಡಿಯೊಳಗಿನ ಕಪ್ಪೆಗಳಲ್ಲಿ ಎರಡು ಪೆಟ್ಟಿಗೆಯ ಹಳದಿ ಮುಚ್ಚಳದ ಮೇಲೆ ಹತ್ತಿ ಕೂತಿವೆ. ಮಣ್ಣು ಎಳೆದಾಯಿತು. ಹುಡುಗ ಅಜ್ಜಿಯನ್ನು ಕೇಳುವುದು ಒಂದೇ, ಆ ಕಪ್ಪೆಗಳು ಹೊರಗೆ ಬರುತ್ತವಾ? ಅಪ್ಪನ ಬಗ್ಗೆ ಒಂದು ಮಾತಿಲ್ಲ. ಅಪ್ಪ ಇನ್ನು ಬರುವುದಿಲ್ಲ ಅನ್ನೋದು ಆ ಪ್ರಶ್ನೆಯ ಒಳಗೇ ಎಲ್ಲೋ ಇದೆ, ಆದರೆ ಹುಡುಗನಿಗೆ ಅದು ಗೊತ್ತಿಲ್ಲ. ಗೋರ್ಕಿ ಇದನ್ನು ಬರೆಯುವಾಗ ನಲವತ್ತು ದಾಟಿತ್ತು.

ನೀವು ಓದುತ್ತಿರುವ ಪುಸ್ತಕದಲ್ಲೂ ಇಂಥ ಕಪ್ಪೆ ಎಲ್ಲೋ ಇರುತ್ತದೆ, ಹುಡುಕಿ. ಮಾತಿಗೆ ಕೂತಾಗ ಎಲ್ಲರೂ ತಮಗೆ ಸಿಕ್ಕಿದ್ದನ್ನು ಮೊದಲು ಹೇಳಲಿ, ಪುಟದ ಸಂಖ್ಯೆ ಸಮೇತ. ಒಂದೂ ಸಿಗಲಿಲ್ಲವಾ? ಅದೂ ಒಂದು ಅಭಿಪ್ರಾಯವೇ. ಮಗುವಿನ ಹೆಸರಿನಲ್ಲಿ ಇಡೀ ಪುಸ್ತಕ ದೊಡ್ಡವರೇ ಮಾತಾಡಿದ್ದಾರೆ ಅಂತ ಧೈರ್ಯವಾಗಿ ಹೇಳಿ. ಅಂಥ ಪುಸ್ತಕಗಳು ಬೇಕಾದಷ್ಟಿವೆ, ಹೊಗಳಿಸಿಕೊಂಡವೂ ಅದರಲ್ಲಿ ಸೇರಿವೆ.

ಮುಂದಿನ ಕೆಲಸ ಇಬ್ಬರನ್ನು ಬಿಡಿಸಿ ನೋಡುವುದು. ಬಾಲ್ಯದ ಪುಸ್ತಕದಲ್ಲಿ ಸಾಮಾನ್ಯವಾಗಿ ಇಬ್ಬರು ಇರುತ್ತಾರೆ. ಅವತ್ತು ನೋಡಿದ ಮಗು ಒಬ್ಬರು, ಇವತ್ತು ಬರೆಯುತ್ತಿರುವವರು ಇನ್ನೊಬ್ಬರು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಮಜಾ ಇರುವುದೇ ಅಲ್ಲಿ. 1981ರಲ್ಲಿ ಜಪಾನಿನಲ್ಲಿ ಬಂದ ತೆತ್ಸುಕೊ ಕುರೊಯನಾಗಿ ಅವರ 'ತೊತ್ತೊ-ಚಾನ್' ತುಂಬಾ ಜನ ಓದಿರುತ್ತೀರಿ. ಡೆಸ್ಕಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಾಳೆ, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕೂಗಿ ಕರೆಯುತ್ತಾಳೆ ಅಂತ ಪುಟ್ಟ ಹುಡುಗಿಯನ್ನು ಮೊದಲ ಶಾಲೆಯಿಂದ ತೆಗೆದುಹಾಕುತ್ತಾರೆ. ಅವಳಿಗೆ ಅದು ಗೊತ್ತೇ ಇಲ್ಲ. ಹೊಸ ಶಾಲೆಗೆ ಹೋಗುತ್ತಿದ್ದೇನೆ ಅನ್ನೋ ಖುಷಿ ಅಷ್ಟೇ. ಅಮ್ಮ ನಿಜ ಹೇಳಿದ್ದು ಮಗಳಿಗೆ ಇಪ್ಪತ್ತು ವರ್ಷ ತುಂಬಿದ ಮೇಲೆ. ಈಗ ಮೊದಲ ಪುಟಗಳನ್ನು ಇನ್ನೊಮ್ಮೆ ಓದಿ ನೋಡಿ. ಖುಷಿ ಹುಡುಗಿಯದು, ಅದರ ಕೆಳಗೆ ಇರುವ ಅಮ್ಮನ ಆತಂಕ ಮಾತ್ರ ದೊಡ್ಡವಳಾದ ಮೇಲೆ ಬರೆದವಳು ತಂದಿಟ್ಟದ್ದು.

ಅದೇ ಪುಸ್ತಕ ಇಟ್ಟುಕೊಂಡು ಅಭಿಪ್ರಾಯ ಹೇಳುವ ಎರಡು ರೀತಿ ನೋಡೋಣ. ಒಂದು, ನಾವೆಲ್ಲ ಸುಮ್ನೆ ಹೇಳಿಬಿಡುವಂಥದ್ದು: 'ತುಂಬಾ ಇಷ್ಟ ಆಯ್ತು. ಓದ್ತಾ ಓದ್ತಾ ನನ್ನ ಸ್ಕೂಲ್ ದಿನಗಳು ನೆನಪಾದವು. ಎಲ್ಲ ತಂದೆ ತಾಯಂದಿರೂ ಓದಲೇಬೇಕಾದ ಪುಸ್ತಕ.' ಇದಕ್ಕೆ ಹೌದು ಅನ್ನಬಹುದು, ಇನ್ನೇನೂ ಅನ್ನೋಕಾಗಲ್ಲ. ಇನ್ನೊಂದು: 'ಪರ್ಸ್ ಪಾಯಿಖಾನೆ ಗುಂಡಿಗೆ ಬಿದ್ದಾಗ ಹುಡುಗಿ ಉದ್ದ ಹಿಡಿಕೆಯ ಸೌಟಿನಂಥದ್ದು ತಂದು ಗುಂಡಿಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕುತ್ತಾಳೆ. ಅಲ್ಲಿಗೆ ಬಂದ ಹೆಡ್‌ಮಾಸ್ಟರು ಬೈಯುವುದಿಲ್ಲ, ಸಹಾಯಕ್ಕೂ ನಿಲ್ಲುವುದಿಲ್ಲ. ಮುಗಿದ ಮೇಲೆ ಎಲ್ಲ ವಾಪಸ್ ಹಾಕ್ತೀಯ ತಾನೇ ಅಂತ ಕೇಳಿ ಹೋಗುತ್ತಾರೆ. ನಾನಾಗಿದ್ದರೆ ಒಂದೋ ಬೈಯುತ್ತಿದ್ದೆ, ಇಲ್ಲಾಂದ್ರೆ ನಾನೇ ಕೈ ಹಾಕುತ್ತಿದ್ದೆ. ಪರ್ಸ್ ಕೊನೆಗೂ ಸಿಗುವುದಿಲ್ಲ, ಆದರೂ ಹುಡುಗಿಗೆ ಬೇಜಾರಿಲ್ಲ. ನಮ್ಮ ಮನೆಯಲ್ಲಿ ಏನಾದರೂ ಕಳೆದರೆ ಹುಡುಕೋಕೆ ಬಿಡುವ ಮೊದಲೇ ಹೊಸದು ತಂದುಕೊಡುತ್ತಿದ್ದರು. ಅದಕ್ಕೇ ಇರಬೇಕು ಈ ಭಾಗ ನನಗೆ ಇಷ್ಟು ಹಿಡಿಸಿದ್ದು. ಆದರೆ ಒಂದು ಅನುಮಾನ, ಇಷ್ಟು ಒಳ್ಳೆಯ ಹೆಡ್‌ಮಾಸ್ಟರು ಒಂದು ದಿನವೂ ತಾಳ್ಮೆ ಕಳೆದುಕೊಳ್ಳಲಿಲ್ಲವಾ, ಅಥವಾ ಬರೆದವರು ಆ ದಿನಗಳನ್ನು ಬಿಟ್ಟುಬಿಟ್ಟರಾ?'

ಎರಡನೆಯದರಲ್ಲಿ ಸ್ವಂತ ನೆನಪು ಇರುವುದು ಒಂದೇ ವಾಕ್ಯ. ಆದರೆ ಅದು ಬಂದ ಮೇಲೆ ಮಾತು ಪುಸ್ತಕಕ್ಕೆ ವಾಪಸ್ ಬಂದಿದೆ, ಅದೂ ಒಂದು ಅನುಮಾನದ ಜೊತೆ. ಆ ಅನುಮಾನಕ್ಕೆ ಬೇರೆಯವರು ಜಗಳ ಆಡಬಹುದು, ಒಪ್ಪಬಹುದು, ಪುಟ ತಿರುಗಿಸಿ ಇಲ್ಲಿ ನೋಡಿ ಅನ್ನಬಹುದು. ನೀವು ಬರೆದದ್ದು ಸರಿಯಾಗಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ನಿಮ್ಮ ನೆನಪಿನ ಭಾಗವನ್ನು ಬೆರಳಲ್ಲಿ ಮುಚ್ಚಿ ಉಳಿದದ್ದು ಓದಿ. ಏನೂ ಉಳಿಯದಿದ್ದರೆ ನೀವು ನಿಮ್ಮ ಆತ್ಮಕಥೆ ಬರೆದಿದ್ದೀರಿ. ಅದನ್ನೂ ಬರೆಯಿರಿ, ಬೇಡ ಅನ್ನಲ್ಲ, ಬೇರೆ ಹಾಳೆಯಲ್ಲಿ.

ಈಗ ಕಷ್ಟದ ವಿಷಯ. ಬಾಲ್ಯ ಅಂದ ಕೂಡಲೇ ಸಿಹಿ ಅಂತ ಅಂದುಕೊಳ್ಳುವುದು ಒಂದು ಚಟ. 'ಆ ದಿನಗಳೇ ಚೆನ್ನಾಗಿದ್ದವು' ಅಂತ ಯಾರಾದರೂ ಅಂದರೆ ಯಾರಿಗೆ ಚೆನ್ನಾಗಿದ್ದವು ಅಂತ ಕೇಳಬೇಕು. ಓಂಪ್ರಕಾಶ್ ವಾಲ್ಮೀಕಿ ಅವರ 'ಜೂಠನ್' 1997ರಲ್ಲಿ ಹಿಂದಿಯಲ್ಲಿ ಬಂದ ಆತ್ಮಕಥೆ. ಕ್ಲಾಸಿನಲ್ಲಿ ಕೂರಬೇಕಾದ ಹುಡುಗನ ಕೈಗೆ ಹೆಡ್‌ಮಾಸ್ಟರು ಪೊರಕೆ ಹಿಡಿಸುತ್ತಾರೆ, ನಿನ್ನ ಜಾತಿಗೆ ಇದೇ ಕೆಲಸ ಅಂತ. ಶಾಲೆ ಗುಡಿಸು, ಅಂಗಳ ಗುಡಿಸು. ಮೂರನೆಯ ದಿನ ಆ ಕಡೆ ಬಂದ ಅಪ್ಪ ನೋಡಿ, ಮಗನ ಕೈಯಿಂದ ಪೊರಕೆ ಕಿತ್ತು ಎಸೆಯುತ್ತಾರೆ. ಇದನ್ನು ಓದಿ 'ನಾವೂ ಸ್ಕೂಲಲ್ಲಿ ಕಸ ಗುಡಿಸಿದ್ದೆವು, ಎಷ್ಟು ಮಜಾ ಇರ್ತಿತ್ತು' ಅಂತ ಹೇಳಿದರೆ ನೆನಪು ನಿಜವೇ ಇರಬಹುದು, ಆದರೆ ಅಲ್ಲಿ ಸಲ್ಲುವ ಮಾತಲ್ಲ. ಸರದಿಯ ಮೇಲೆ ಎಲ್ಲರೂ ಗುಡಿಸುವುದೂ ಒಬ್ಬನಿಂದಲೇ ಗುಡಿಸಿಸುವುದೂ ಒಂದೇ ಅಲ್ಲ. ಇಂಥ ಕಡೆ ನಿಮ್ಮ ಬಾಲ್ಯದಲ್ಲಿ ಹೋಲಿಕೆ ಹುಡುಕಬೇಡಿ. ಹೋಲಿಕೆ ಇಲ್ಲದಿರುವುದನ್ನೇ ಹೇಳಿ. 'ನನ್ನ ಕ್ಲಾಸಿನಲ್ಲಿ ಹೀಗೆ ಯಾರಿಗಾದರೂ ಆಗುತ್ತಿತ್ತಾ, ನಾನು ಗಮನಿಸಲಿಲ್ಲವಾ' ಅನ್ನುವ ಪ್ರಶ್ನೆ ಅಂಥ ಪುಸ್ತಕಕ್ಕೆ ಹತ್ತಿರದ್ದು.

ಮಾತಿನ ನಡುವೆ ಯಾರಾದರೂ ತಮ್ಮದೇ ನೋವಿನ ನೆನಪು ಹೇಳಿಬಿಡುತ್ತಾರೆ. ಇಂಥ ಪುಸ್ತಕ ಓದಿದಾಗ ಅದು ಆಗೇ ಆಗುತ್ತದೆ. 'ಅಯ್ಯೋ, ಎಲ್ಲರ ಮನೇಲೂ ಹಾಗೇ ಇತ್ತು ಬಿಡಿ' ಅಂತ ಮಾತ್ರ ಅನ್ನಬೇಡಿ. ಆಮೇಲೇನಾಯ್ತು ಅಂತ ಕೆದಕಲೂ ಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಪುಸ್ತಕಕ್ಕೆ ವಾಪಸ್ ಬರಲು ಇಷ್ಟಪಟ್ಟರೆ ಬರಲಿ, ಇಲ್ಲದಿದ್ದರೆ ಅವತ್ತಿಗೆ ಪುಸ್ತಕ ಬದಿಗಿರಲಿ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು ಅಂತ ಮೊದಲೇ ಎಲ್ಲರೂ ಒಪ್ಪಿಕೊಂಡಿದ್ದರೆ ಒಳ್ಳೆಯದು. ಇನ್ನೊಂದು, ನಿಮ್ಮ ನೆನಪಿನಲ್ಲಿ ಅಣ್ಣ, ತಂಗಿ, ಚಿಕ್ಕಪ್ಪ ಎಲ್ಲ ಇರುತ್ತಾರೆ ತಾನೇ. ಅಣ್ಣ ಒಂಬತ್ತನೇ ವಯಸ್ಸಿನಲ್ಲಿ ದುಡ್ಡು ಕದ್ದ ಕಥೆ ನಿಮಗೆ ತಮಾಷೆ. ಅವರಿಗೂ ತಮಾಷೆಯಾ ಅಂತ ಕೇಳಿಕೊಂಡು ಹೇಳಿ.

ಪ್ರಶ್ನೆ ಕೇಳುವಾಗ 'ನಿಮಗೆ ಯಾವ ಪಾತ್ರ ಇಷ್ಟ' ಅನ್ನೋದನ್ನು ಬಿಟ್ಟುಬಿಡಿ, ಅದಕ್ಕೆ ಉತ್ತರ ಎಲ್ಲರದ್ದೂ ಅಜ್ಜಿ. ಈ ಮಗುವಿಗೆ ಏನು ಗೊತ್ತಿಲ್ಲ ಅನ್ನೋದನ್ನು ನಾವು ಯಾವ ಪುಟದಲ್ಲಿ ಕಂಡುಕೊಂಡೆವು? ಮನೆಯಲ್ಲಿ ಯಾರ ಬಗ್ಗೆ ಪುಸ್ತಕ ಏನೂ ಹೇಳುವುದಿಲ್ಲ? ಇದೇ ಘಟನೆಯನ್ನು ಅಮ್ಮ ಬರೆದಿದ್ದರೆ ಹೇಗಿರುತ್ತಿತ್ತು? ದುಡ್ಡಿನ ವಿಚಾರ ಎಲ್ಲಿ ಬರುತ್ತದೆ? ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟ, ಯಾಕೆಂದರೆ ಮನೆಯಲ್ಲಿ ದುಡ್ಡಿಲ್ಲ ಅನ್ನೋದು ಮಕ್ಕಳಿಗೆ ಲೆಕ್ಕದಲ್ಲಿ ಗೊತ್ತಾಗುವುದಿಲ್ಲ, ದೊಡ್ಡವರು ದನಿ ತಗ್ಗಿಸಿದಾಗ ಗೊತ್ತಾಗುತ್ತದೆ, ಒಳ್ಳೆ ಲೇಖಕರು ಅದನ್ನು ಹಾಗೇ ಬರೆದಿರುತ್ತಾರೆ.

ಟಿವಿಯಲ್ಲೋ ಸಿನಿಮಾದಲ್ಲೋ ನೋಡಿದ ಕಥೆಯಾದರೆ ಒಂದು ಎಚ್ಚರ. ಆರ್.ಕೆ. ನಾರಾಯಣ್ ಅವರ ಸ್ವಾಮಿ 1935ರ ಕಾದಂಬರಿಯಲ್ಲಿ ಹುಟ್ಟಿದವನು. ಆದರೆ ನಮ್ಮಲ್ಲಿ ತುಂಬಾ ಜನಕ್ಕೆ ಅವನ ಮುಖ ಶಂಕರ್ ನಾಗ್ ಅವರ ಧಾರಾವಾಹಿಯದ್ದೇ. ಧಾರಾವಾಹಿ ಬಗ್ಗೆ ಮಾತಾಡುವುದಾದರೆ ಅದರ ಬಗ್ಗೆಯೇ ಅಂತ ಹೇಳಿ ಮಾತಾಡಿ, ಎರಡನ್ನೂ ಕಲಸಬೇಡಿ.

ಚಿಕ್ಕವರಿದ್ದಾಗ ಓದಿದ್ದನ್ನೇ ಈಗ ಮತ್ತೆ ಓದುವುದಾದರೆ, ಪುಸ್ತಕ ತೆರೆಯುವ ಮೊದಲು ನೆನಪಿರುವುದನ್ನೆಲ್ಲ ಒಂದು ಪುಟದಲ್ಲಿ ಬರೆದಿಡಿ. ಆಮೇಲೆ ಓದಿ, ಎಲ್ಲಿ ತಪ್ಪಾಗಿದೆ ನೋಡಿ. ಇಲ್ಲದ ಘಟನೆ ಒಂದಾದರೂ ನಿಮ್ಮ ಪಟ್ಟಿಯಲ್ಲಿ ಇರುವ ಸಾಧ್ಯತೆ ಜಾಸ್ತಿ. ಹಾಗೆ ಸಿಕ್ಕರೆ ಅವತ್ತಿನ ಮಾತು ಅಲ್ಲಿಂದಲೇ ಶುರುವಾಗಲಿ.

ಮುಂದಿನ ಪುಸ್ತಕ ಆರಿಸುವಾಗ ಎಲ್ಲರ ಬಾಲ್ಯಕ್ಕೂ ಹೊಂದುವಂಥದ್ದನ್ನು ಹುಡುಕಬೇಡಿ. ಅಂಥದ್ದು ಇಲ್ಲ, ಇದ್ದರೂ ಸಪ್ಪೆ. ಈ ಸಲ ತುಂಬಿದ ಮನೆಯ ಹುಡುಗನ ಕಥೆ ಓದಿದ್ದರೆ ಮುಂದಿನ ಸಲ ಒಬ್ಬಳೇ ಬೆಳೆದ ಹುಡುಗಿಯದ್ದು. ಆತ್ಮಕಥೆ ಆಯಿತಾ, ಕಾದಂಬರಿ ತೆಗೆದುಕೊಳ್ಳಿ. ತೆಳ್ಳಗಿನದ್ದೇ ಇರಲಿ. ಇಂಥ ಪುಸ್ತಕಗಳಲ್ಲಿ ಹುಡುಗರು ದೊಡ್ಡವರಾಗಿ ಊರು ಬಿಡುವ ಹೊತ್ತಿಗೆ ಬರಹ ಸೊರಗುವುದೇ ಜಾಸ್ತಿ. ಓದಿ ಮುಗಿಸಲು ಆಗದೇ ಇದ್ದವರೂ ಬರಲಿ, ಮೊದಲ ಮೂವತ್ತು ಪುಟ ಓದಿದ್ದರೂ ಕಪ್ಪೆ ಸಿಕ್ಕಿರುತ್ತದೆ.