ಕಿರು ಉಪಗ್ರಹದ ಕಾಂತಮಾಪಕವನ್ನು ಬಳ್ಳಾರಿಯಲ್ಲಿ ಸಿದ್ಧಪಡಿಸುವ ಕ್ರಮ

ಬಳ್ಳಾರಿಯಲ್ಲಿ ಭೂಮಿಯ ಕಾಂತಕ್ಷೇತ್ರದ ಒಟ್ಟು ಬಲ 40 ಸಾವಿರ ನ್ಯಾನೋಟೆಸ್ಲಾಕ್ಕಿಂತ (ಕಾಂತಕ್ಷೇತ್ರವನ್ನು ಅಳೆಯುವ ಏಕಮಾನ) ತುಸು ಹೆಚ್ಚಿದ್ದು, ಅದರಲ್ಲಿ ಹತ್ತಾರು ನ್ಯಾನೋಟೆಸ್ಲಾಗಳ ವ್ಯತ್ಯಾಸವನ್ನು ಗುರುತಿಸಬಲ್ಲ ಮೂರು ಅಕ್ಷಗಳ ಸಂವೇದಕಗಳು ಇಂದು ಕಾಲೇಜು ತಂಡಗಳ ಕೈಗೂ ಎಟುಕುತ್ತವೆ. ಆದ್ದರಿಂದ ಕಷ್ಟವಿರುವುದು ಸಂವೇದಕದಲ್ಲಲ್ಲ, ಅದನ್ನು ಹೊತ್ತ ಉಪಗ್ರಹದಲ್ಲಿ: ಅದರ ಒಡಲಿನ ಕಾಂತಪ್ರಭಾವವೂ ಅಳತೆಯಲ್ಲಿ ಬೆರೆಯುತ್ತದೆ. 2013ರ ನವೆಂಬರ್ 22ರಂದು ಹಾರಿದ ಯುರೋಪಿನ ಮೂರು ಸ್ವಾರ್ಮ್ ಉಪಗ್ರಹಗಳು ತಮ್ಮ ಕಾಂತಮಾಪಕಗಳನ್ನು ಸುಮಾರು 4 ಮೀಟರ್ ಉದ್ದದ ತೋಳಿನ ಮೇಲೆ ಒಡಲಿನಿಂದ ದೂರವಿಟ್ಟಿವೆ. 10 ಸೆಂಟಿಮೀಟರ್ ಘನದ ಕ್ಯೂಬ್‌ಸ್ಯಾಟ್ ಎಂಬ ಕಿರು ಉಪಗ್ರಹಕ್ಕೆ ಆ ಭಾಗ್ಯವಿಲ್ಲ.

ಆದರೂ ಮಡಚಿ ಬಿಚ್ಚುವ ಚಿಕ್ಕ ತೋಳೊಂದನ್ನು ಅಳವಡಿಸುವುದು ಲೇಸು, ಏಕೆಂದರೆ ದೂರವನ್ನು ಇಮ್ಮಡಿಗೊಳಿಸಿದರೆ ಒಡಲಿನ ಕಾಂತಪ್ರಭಾವ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಂವೇದಕದ ಹತ್ತಿರ ಕಾಂತತ್ವವಿಲ್ಲದ ಹಿತ್ತಾಳೆಯ ತಿರುಪುಗಳನ್ನೇ ಬಳಸಬೇಕು. ಬ್ಯಾಟರಿಯ ಉಕ್ಕಿನ ಕವಚವೂ ಅದರ ನಿಕ್ಕಲ್ ಪಟ್ಟಿಗಳೂ ಕಾಂತೀಯವೆಂಬುದನ್ನು ಅನೇಕರು ಮರೆತೇಬಿಡುತ್ತಾರೆ.

ಕ್ಯಾಲಿಬ್ರೇಷನ್‌ಗೆ, ಅಂದರೆ ಸಂವೇದಕದ ದೋಷಗಳನ್ನು ಅಳೆದು ತಿದ್ದುವ ಕೆಲಸಕ್ಕೆ, ಜಾಗ ಹುಡುಕುವಾಗ ನಮ್ಮ ಜಿಲ್ಲೆಯಲ್ಲಿ ವಿಶೇಷ ಎಚ್ಚರ ಬೇಕು. ಸಂಡೂರಿನ ಅದಿರಿನಲ್ಲಿ ಹೆಚ್ಚಿನದು ಹೆಮಟೈಟ್ ಆಗಿದ್ದು ಅದರ ಕಾಂತೀಯತೆ ಕ್ಷೀಣವಾದರೂ, ಆ ಬೆಟ್ಟಗಳ ಶಿಲಾಪಟ್ಟಿಗಳಲ್ಲಿ ಬೆರೆತಿರುವ ಮ್ಯಾಗ್ನೆಟೈಟ್ ಸ್ಥಳೀಯ ಕ್ಷೇತ್ರವನ್ನು ಗಣನೀಯವಾಗಿ ಏರುಪೇರಾಗಿಸುತ್ತದೆ. ತೋರಣಗಲ್ಲಿನ ಕಾರ್ಖಾನೆಗಳ, ಅದಿರಿನ ಲಾರಿಗಳು ಓಡಾಡುವ ರಸ್ತೆಗಳ ನೆರೆಯೂ ಬೇಡ. ಸಿರುಗುಪ್ಪದ ಕಡೆಯ ಬಯಲಿನಲ್ಲಿ, ವಿದ್ಯುತ್ ತಂತಿ ಮತ್ತು ಪಂಪ್‌ಸೆಟ್‌ಗಳಿಂದ ದೂರದಲ್ಲಿ, ಕಬ್ಬಿಣದ ಮೊಳೆಯಿಲ್ಲದ ಮರದ ಎತ್ತರದ ಪೀಠವನ್ನು ಹೂಡುವುದು ಮೇಲು. ಮೊದಲು ಬಿಡಿ ಸಂವೇದಕವನ್ನು ಪೀಠದ ಸುತ್ತ ಕೆಲವು ಮೀಟರ್ ಒಯ್ದು ನೋಡಿ, ಒಟ್ಟು ಬಲ ಅಲ್ಲಲ್ಲಿ ಬದಲಾಗುತ್ತಿದ್ದರೆ ಆ ಜಾಗವನ್ನು ಕೈಬಿಡಿ. ಹಗಲಿನಲ್ಲಿ ಅಯಾನುಗೋಳದ (ಮೇಲ್ವಾತಾವರಣದ ವಿದ್ಯುದಾವೇಶವುಳ್ಳ ಪದರದ) ವಿದ್ಯುತ್ ಪ್ರವಾಹಗಳಿಂದ ಕ್ಷೇತ್ರವೇ ಹತ್ತಾರು ನ್ಯಾನೋಟೆಸ್ಲಾ ಏರಿಳಿಯುವುದರಿಂದ ಸೂರ್ಯಾಸ್ತದ ನಂತರ ಅಳೆಯಿರಿ.

ಅನಂತರ ಜೋಡಣೆ ಮುಗಿದ ಉಪಗ್ರಹವನ್ನು, ತೋಳು ಬಿಚ್ಚಿದ ಸ್ಥಿತಿಯಲ್ಲೇ, ಎಲ್ಲ ದಿಕ್ಕುಗಳಿಗೂ ನಿಧಾನವಾಗಿ ತಿರುಗಿಸುತ್ತ ದತ್ತಾಂಶ ದಾಖಲಿಸಬೇಕು. ಹೇಗೆ ತಿರುಗಿಸಿದರೂ ಒಟ್ಟು ಬಲ ಒಂದೇ ಆಗಿರಬೇಕೆಂಬ ನಿಯಮದಿಂದ ಒಂಬತ್ತು ಅಜ್ಞಾತಗಳು, ಅಂದರೆ ಮೂರು ಅಕ್ಷಗಳ ಶೂನ್ಯದೋಷ (ಕ್ಷೇತ್ರವಿಲ್ಲದಾಗಲೂ ತೋರುವ ಅಂಕಿ), ಅಳತೆಯ ಗುಣಕ (ತೋರಿದ ಅಂಕಿಗೂ ನಿಜ ಬಲಕ್ಕೂ ಇರುವ ಅನುಪಾತ) ಮತ್ತು ಅಕ್ಷಗಳು ಪರಸ್ಪರ ಲಂಬವಾಗಿಲ್ಲದಿರುವ ಕೋನಗಳು, ಲೆಕ್ಕಕ್ಕೆ ಸಿಗುತ್ತವೆ. ಶೂನ್ಯದೋಷವು ತಾಪಮಾನದೊಡನೆ ಸರಿಯುವುದರಿಂದ ಈ ಕೆಲಸವನ್ನು ಬೇರೆಬೇರೆ ತಾಪಮಾನಗಳಲ್ಲಿ ಮತ್ತೆ ಮಾಡಬೇಕು.

ಬಳಿಕ ಉಪಗ್ರಹವನ್ನು ಅಲುಗಿಸದೆ ರೇಡಿಯೊ, ಬ್ಯಾಟರಿ, ಸೌರಫಲಕಗಳನ್ನು ಒಂದೊಂದಾಗಿ ಚಾಲೂ ಮಾಡಿ, ಪ್ರತಿಯೊಂದರ ವಿದ್ಯುತ್ ಪ್ರವಾಹದೊಡನೆ ಕ್ಷೇತ್ರ ಎಷ್ಟು ಬದಲಾಗುತ್ತದೆಂದು ಬರೆದಿಟ್ಟುಕೊಳ್ಳಿ. ಕಕ್ಷೆಯಲ್ಲಿ ಆ ಪ್ರವಾಹಗಳನ್ನೂ ದಾಖಲಿಸಿದರೆ ಮಾತ್ರ ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಉಪಗ್ರಹವನ್ನು ತಿರುಗಿಸುವ ಕಾಂತ ಸುರುಳಿಗಳು ಆರಿರುವಾಗಲೇ ಅಳತೆ ನಡೆಯಬೇಕು. ಕಬ್ಬಿಣದ ತಿರುಳಿನ ಸುರುಳಿಗಳು ಆರಿದ ಮೇಲೂ ಕಾಂತತ್ವವನ್ನು ಉಳಿಸಿಕೊಳ್ಳುವುದರಿಂದ ತಿರುಳಿಲ್ಲದವನ್ನೇ ಆಯ್ದುಕೊಳ್ಳಿ.

ಕೆಳಕಕ್ಷೆಯಲ್ಲಿ ಉಪಗ್ರಹ ಸೆಕೆಂಡಿಗೆ ಸುಮಾರು 7.5 ಕಿಲೋಮೀಟರ್ ಸಾಗುವುದರಿಂದ ಪ್ರತಿ ಅಳತೆಯ ಸಮಯವನ್ನು ನಿಖರವಾಗಿ ಗುರುತಿಸಲು ಜಿಪಿಎಸ್ ಬೇಕೇಬೇಕು. ದಿಕ್ಕಿನ ಲೆಕ್ಕ ಇನ್ನೂ ಕಠಿಣ: 40 ಸಾವಿರ ನ್ಯಾನೋಟೆಸ್ಲಾ ಕ್ಷೇತ್ರದಲ್ಲಿ ಒಂದೇ ಡಿಗ್ರಿ ತಪ್ಪಿದರೂ ಕ್ಷೇತ್ರದ ಘಟಕಗಳಲ್ಲಿ, ಅಂದರೆ ಒಂದೊಂದು ದಿಕ್ಕಿನ ಬಲದಲ್ಲಿ, ಸುಮಾರು 700 ನ್ಯಾನೋಟೆಸ್ಲಾದವರೆಗೆ ದೋಷ ನುಸುಳುತ್ತದೆ. ನಕ್ಷತ್ರಗಳನ್ನು ನೋಡಿ ಉಪಗ್ರಹದ ದಿಕ್ಕನ್ನು ತಿಳಿಸುವ ನಕ್ಷತ್ರ ಕ್ಯಾಮೆರಾ ಕೊಳ್ಳಲಾಗದ ತಂಡಗಳು ಘಟಕಗಳ ಆಸೆ ಬಿಟ್ಟು, ದಿಕ್ಕಿನ ತಪ್ಪು ತಟ್ಟದ ಒಟ್ಟು ಬಲವನ್ನಷ್ಟೇ ಪ್ರಕಟಿಸುವುದು ಪ್ರಾಮಾಣಿಕ ಮಾರ್ಗವೆಂದು ನನ್ನ ಅಭಿಪ್ರಾಯ.