ಬಳ್ಳಾರಿ ಬಿಸಿಲಲ್ಲಿ ಮನೆಯಿಂದ ಕೆಲಸ, ಜೊತೆಗೆ ಮಗು

ಮೊದಲು ದಿನದ ಹೊತ್ತು ಬದಲಿಸಿಕೊಳ್ಳಿ. ಏಪ್ರಿಲ್, ಮೇನಲ್ಲಿ ನಮ್ಮ ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ತಲೆ ಓಡುವುದಿಲ್ಲ, ಮಕ್ಕಳಿಗೂ ರಜೆ, ಹಾಗಾಗಿ ಕಷ್ಟದ ಕೆಲಸವನ್ನು ಬೆಳಿಗ್ಗೆ 5:30ಕ್ಕೆ ಎದ್ದು ಮಗು ಏಳುವ ಮೊದಲೇ ಮುಗಿಸಿಬಿಡಿ. ಇದೊಂದರಿಂದಲೇ ನಮ್ಮ ಮನೆಯಲ್ಲಿ ಅರ್ಧ ಜಗಳ ನಿಂತಿತು.

ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಅಲ್ವಾ? ರೂಟರಿಗೆ ಪುಟ್ಟ ಯುಪಿಎಸ್ ಹಾಕಿ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ನೋಡಿ, ಯುಪಿಎಸ್ ಕೂಡ ಅಷ್ಟೇ ವೋಲ್ಟ್ ಕೊಡುವಂಥದ್ದಿರಲಿ, ಜಾಸ್ತಿ ರೂಟರ್‌ಗಳಿಗೆ 12 ಇರುತ್ತದೆ.

ಮೀಟಿಂಗ್ ಇದ್ದಾಗ ಮಗುವಿಗೆ "ಸುಮ್ನೆ ಕೂತ್ಕೋ" ಅಂದರೆ ನಡೆಯುವುದಿಲ್ಲ. ನಾಲ್ಕು ವರ್ಷದವಳಿಗೆ ಅರ್ಧ ಗಂಟೆ ಅಂದರೆ ಏನು ಗೊತ್ತಾಗಬೇಕು? ಗಡಿಯಾರದ ದೊಡ್ಡ ಮುಳ್ಳು 6ಕ್ಕೆ ಬಂದಾಗ ಬರುತ್ತೇನೆ ಎಂದು ತೋರಿಸಿ, ಹೇಳಿದ ಹಾಗೆ ಬಂದೇ ಬನ್ನಿ. ಒಮ್ಮೆ ತಪ್ಪಿದರೆ ಮುಂದಿನ ಸಲ ನಂಬುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಪುಣ್ಯ, ಆದರೆ ಅವರಿಗೂ ಮಧ್ಯಾಹ್ನ ನಿದ್ದೆ ಬೇಕು, ಎಲ್ಲವನ್ನೂ ಅವರ ಮೇಲೆ ಹಾಕಬೇಡಿ.

ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೊರಡಿ. ಕೋಟೆ ಗುಡ್ಡ ಕಾಣುವ ಕಡೆ ಗಾಳಿಗೆ ನಿಂತು ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ತಿನ್ನಿ, ಮಗುವಿಗೆ ಖಾರ ಇಲ್ಲದ್ದು ಕೊಡಿಸಿ. ಫೋನ್ ಮನೆಯಲ್ಲೇ ಇರಲಿ.