ಸಣ್ಣ ಮ್ಯೂಸಿಯಂಗೆ ಹೋಗುವ ಮುನ್ನ ಒಂದು ಫೋನ್ ಮಾಡಿ

ಸಣ್ಣ ಮ್ಯೂಸಿಯಂಗಳ ಬಾಗಿಲಿಗೆ ಎಷ್ಟೋ ಸಲ ಬೀಗ ಇರುತ್ತದೆ. ಬೋರ್ಡಿನಲ್ಲಿ ಸಮಯ ಬರೆದಿರುತ್ತದೆ, ಆದರೆ ಬೀಗದ ಕೈ ಇಟ್ಟುಕೊಂಡವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಇಂಥ ಜಾಗಗಳು ನಡೆಯುವುದೇ ಹೆಚ್ಚಾಗಿ ಒಬ್ಬಿಬ್ಬರ ಶ್ರದ್ಧೆಯಿಂದ. ಹಾಗಾಗಿ ಹೊರಡುವ ಮುಂಚೆ ಫೋನ್ ಮಾಡಿ.

‘ಬಾಗಿಲು ತೆಗೆದಿರುತ್ತಾ’ ಅಂತಷ್ಟೇ ಕೇಳಿ ಇಟ್ಟುಬಿಡಬೇಡಿ. ಇನ್ನೂ ಎರಡು ಮಾತು ಕೇಳಿ. ಸಂಗ್ರಹ ನೋಡಿಕೊಳ್ಳುವವರು ಯಾವ ದಿನ ಸಿಗುತ್ತಾರೆ? ಒಳಗೆ ಎತ್ತಿಟ್ಟಿರುವುದರಲ್ಲಿ ಒಂದೆರಡನ್ನು ತೋರಿಸಲು ಆಗುತ್ತದೆಯೇ? ಕೊನೆಯ ಪ್ರಶ್ನೆ ಕೇಳುವವರು ಕಮ್ಮಿ. ಕೇಳಿದ್ದಕ್ಕೇ ಒಳಬಾಗಿಲು ತೆರೆದುಕೊಂಡದ್ದು ನನ್ನ ಅನುಭವದಲ್ಲಿ ಒಂದೆರಡು ಸಲ ಅಲ್ಲ.

ಬಹಳಷ್ಟು ಮ್ಯೂಸಿಯಂಗಳಲ್ಲಿ ತೋರಿಸುವುದಕ್ಕಿಂತ ಎತ್ತಿಟ್ಟಿರುವುದೇ ಜಾಸ್ತಿ. ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳ ಸಂಗ್ರಹದಲ್ಲಿ ಒಂದು ಹೊತ್ತಿಗೆ ಜನರ ಕಣ್ಣಿಗೆ ಬೀಳುವುದು ನೂರಕ್ಕೆ ಒಂದು ಪಾಲಿನಷ್ಟು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಬಳಿ ಸುಮಾರು 8 ಕೋಟಿ ಮಾದರಿಗಳಿವೆ. ಅಷ್ಟನ್ನೂ ಯಾವ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಹೇಳಿ! ಸಣ್ಣ ಮ್ಯೂಸಿಯಂನಲ್ಲೂ ಇದೇ ಕಥೆ. ಲೆಕ್ಕ ಮಾತ್ರ ಚಿಕ್ಕದು.

ಯಾವುದನ್ನು ಆರಿಸಿಕೊಳ್ಳುವುದು?

ನಿಮ್ಮ ಕೈಗೆ ಗೊತ್ತಿರುವ ಕೆಲಸದಿಂದ ಶುರು ಮಾಡಿ. ಹೊಲಿಗೆ ಬಲ್ಲವರು ಬಟ್ಟೆಯ ಮ್ಯೂಸಿಯಂಗೆ ಹೋದರೆ ಒಂದೊಂದು ಹೊಲಿಗೆಯ ಮುಂದೆಯೂ ನಿಲ್ಲುತ್ತಾರೆ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರಿಗೆ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿರುವ ಪ್ಲಾಂಟಿನ್-ಮೊರೆಟಸ್ ಮ್ಯೂಸಿಯಂ ಸಾಕು, ಇಡೀ ದಿನ ಕಳೆಯಬಹುದು. ಅದು ಮುದ್ರಕರ ಮನೆತನವೊಂದು ಬಾಳಿದ ಮನೆ. ಪ್ರೆಸ್ಸೂ ಅಲ್ಲೇ ಇತ್ತು. 1877ರಲ್ಲಿ ಮ್ಯೂಸಿಯಂ ಆಯಿತು. ಸುಮಾರು 1600ರ ಹೊತ್ತಿನ ಎರಡು ಅಚ್ಚಿನ ಯಂತ್ರಗಳು ಅಲ್ಲಿವೆ. ಜಗತ್ತಿನಲ್ಲಿ ಉಳಿದಿರುವ ಮುದ್ರಣ ಯಂತ್ರಗಳಲ್ಲೆಲ್ಲ ಅವೇ ಹಳೆಯವು.

ಒಬ್ಬರು ಬದುಕಿದ್ದ ಮನೆಯೇ ಮ್ಯೂಸಿಯಂ ಆಗಿದ್ದರೆ ಅದನ್ನು ಬಿಡಲೇಬೇಡಿ. ಲಂಡನ್ನಿನ ಸರ್ ಜಾನ್ ಸೋನ್ ಮ್ಯೂಸಿಯಂ ಅಂಥದ್ದು. ಸೋನ್ ವಾಸ್ತುಶಿಲ್ಪಿ, ತೀರಿಕೊಂಡದ್ದು 1837ರಲ್ಲಿ. ಮನೆ ತಾನು ಬಿಟ್ಟುಹೋದ ಹಾಗೇ ಇರಬೇಕು ಅಂತ 1833ರಲ್ಲೇ ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿಸಿಕೊಂಡಿದ್ದರು. ಅಲ್ಲಿ ಒಂದು ಚಿಕ್ಕ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ. ಅಷ್ಟು ಹೇಗೆ ಹಿಡಿಸಿದವು? ಅಲ್ಲಿನ ಗೋಡೆಗಳು ಬೀರುವಿನ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತವೆ. ಒಳಗೆ ಇನ್ನೊಂದು ಸಾಲು ಚಿತ್ರ. ಬಾಗಿಲು ತೆರೆಯುವುದು ಅಲ್ಲಿನ ಸಿಬ್ಬಂದಿ. ಅವರು ತೆರೆಯುವವರೆಗೆ ಕಾಯದೆ ಸುಮ್ನೆ ಒಂದು ಸುತ್ತು ಹಾಕಿ ಹೊರಬಂದರೆ ನೋಡಬೇಕಾದದ್ದೇ ಉಳಿದುಹೋಗುತ್ತದೆ.

ಒಳಗೆ ಹೋದ ಮೇಲೆ

ಮೊದಲ ಸುತ್ತಿನಲ್ಲಿ ಏನನ್ನೂ ಓದಬೇಡಿ. ಕಾಲು ತಾನಾಗಿ ಎಲ್ಲಿ ನಿಂತಿತು ಅಂತ ಗುರುತಿಟ್ಟುಕೊಳ್ಳಿ. ಎರಡನೇ ಸುತ್ತಿನಲ್ಲಿ ಅಂಥ ಮೂರು ವಸ್ತುಗಳ ಬಳಿಗೆ ಮಾತ್ರ ಹೋಗಿ, ಒಂದೊಂದರ ಮುಂದೆ ಐದು ನಿಮಿಷ ನಿಲ್ಲಿ.

ವಸ್ತುವಿನ ತಳದಲ್ಲೋ ಬೆನ್ನಿನಲ್ಲೋ ಒಂದು ಪುಟ್ಟ ನಂಬರ್ ಇರುತ್ತದೆ. ಅದನ್ನು ಹುಡುಕಿ. ಉದಾಹರಣೆಗೆ 1987.24.3 ಅಂತ ಇದೆ ಅನ್ನಿ. ಬಹಳ ಕಡೆ ಇದನ್ನು ಓದುವ ಕ್ರಮ ಹೀಗೆ: 1987ರಲ್ಲಿ ಬಂದದ್ದು, ಆ ವರ್ಷ ದಾಖಲಾದ 24ನೇ ಕಂತು (ಒಟ್ಟಿಗೆ ಬಂದ ವಸ್ತುಗಳ ಗುಂಪು), ಆ ಕಂತಿನಲ್ಲಿ ಮೂರನೇ ವಸ್ತು. ಅಂದರೆ ಅದರ ಜೊತೆ ಇನ್ನೂ ಎರಡಾದರೂ ಬಂದಿವೆ. ‘ಇದರ ಜೊತೆಯವು ಎಲ್ಲಿವೆ?’ ಅಂತ ಕೇಳಿ. ವಸ್ತು ಕೊಟ್ಟ ಮನೆಯ ಕಥೆಯೇ ಹೊರಗೆ ಬರುತ್ತದೆ. ನಂಬರನ್ನು ನೇರವಾಗಿ ವಸ್ತುವಿನ ಮೈಮೇಲೆ ಬರೆಯುವುದಿಲ್ಲ. ಮುಂದೆ ಬೇಕೆಂದಾಗ ಕಲೆ ಉಳಿಯದ ಹಾಗೆ ತೆಗೆಯಬಹುದಾದ ತೆಳುವಾದ ಲೇಪ ಹಚ್ಚಿ, ಅದರ ಮೇಲೆ ಬರೆಯುತ್ತಾರೆ. ಆ ಅಂಕಿಯ ಸಣ್ಣತನದಲ್ಲೇ ಎಷ್ಟು ಕಾಳಜಿ ಇದೆ ಅಲ್ವಾ?

ಕೋಣೆ ಕತ್ತಲೆ ಅನ್ನಿಸಿದರೆ ಬೇಸರ ಬೇಡ. ಬಟ್ಟೆ, ಕಾಗದ, ನೀರುಬಣ್ಣದ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್ ಬೆಳಕಿನ ಮಿತಿ. ಲಕ್ಸ್ ಅಂದರೆ ಬೆಳಕನ್ನು ಅಳೆಯುವ ಮಾನ. ಹೊರಗಿನ ಪ್ರಖರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತದೆ. ಬೆಳಕಿನಿಂದ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ, ಮಾಸುತ್ತಾ ಹೋದದ್ದು ಲೆಕ್ಕಕ್ಕೆ ಸೇರುತ್ತಲೇ ಇರುತ್ತದೆ. ಎರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ತೆರೆಮರೆಗೆ ಹೋಗುವ ದಾರಿಗಳು

ಕೆಲವು ದೊಡ್ಡ ಮ್ಯೂಸಿಯಂಗಳು ಒಳಗಿನ ಕೋಣೆಗಳಿಗೆ ಟಿಕೆಟ್ ಇಟ್ಟೇ ಕರೆದೊಯ್ಯುತ್ತವೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಜೀವಿಗಳನ್ನು ದ್ರಾವಣದಲ್ಲಿ ಮುಳುಗಿಸಿಟ್ಟ ವಿಭಾಗಕ್ಕೆ ಇಂಥ ಪ್ರವಾಸ ಇದೆ. ಅಲ್ಲಿ 8.62 ಮೀಟರ್ ಉದ್ದದ ದೈತ್ಯ ಸ್ಕ್ವಿಡ್ (ಹಲವು ತೋಳುಗಳ ಕಡಲ ಜೀವಿ) ಮಲಗಿದೆ. 2004ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರ ಮೀನುಗಾರರ ಬಲೆಗೆ ಬಿದ್ದದ್ದು. ಮಂಜುಗಟ್ಟಿಸಿ ತಂದ ಅದನ್ನು ಕರಗಿಸುವುದೇ ದೊಡ್ಡ ಕೆಲಸವಾಗಿತ್ತು. ಮೈ ದಪ್ಪ, ಕರಗುವುದು ನಿಧಾನ. ತೋಳುಗಳು ತೆಳು, ಬೇಗ ಕರಗಿ ಕೊಳೆಯಬಹುದು. ಅದಕ್ಕೇ ಮೈಗೆ ನೀರು ಬಿಡುತ್ತಾ, ತೋಳುಗಳಿಗೆ ಮಂಜಿನ ಪೊಟ್ಟಣ ಇಟ್ಟು ಕಾದರು. ಗಾಜಿನಾಚೆ ಸುಮ್ಮನೆ ನೋಡಿದ್ದರೆ ಇದೊಂದೂ ತಿಳಿಯುತ್ತಿರಲಿಲ್ಲ.

ಇತ್ತೀಚೆಗೆ ಉಗ್ರಾಣವನ್ನೇ ಜನರಿಗೆ ತೆರೆದಿಡುವ ಕ್ರಮವೂ ಶುರುವಾಗಿದೆ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಬೋಯ್‌ಮಾನ್ಸ್ ಮ್ಯೂಸಿಯಂನ ಉಗ್ರಾಣ 2021ರಲ್ಲಿ ತೆರೆಯಿತು. ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಯಾವ ಕಾಲದ್ದು, ಯಾರು ಮಾಡಿದ್ದು ಎಂಬ ಕ್ರಮದಲ್ಲಿ ಅವನ್ನು ಇಟ್ಟಿಲ್ಲ. ಯಾವುದಕ್ಕೆ ಎಷ್ಟು ತಂಪು, ಎಷ್ಟು ತೇವ ಬೇಕು ಅಂತ ನೋಡಿ ಇಟ್ಟಿದ್ದಾರೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2025ರಲ್ಲಿ ಪೂರ್ವ ಲಂಡನ್ನಿನಲ್ಲಿ ತೆರೆದ ಉಗ್ರಾಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಸಂಗ್ರಹದ ಪಟ್ಟಿ ನೋಡಿ, ಬೇಕಾದ ವಸ್ತುವನ್ನು ಮೊದಲೇ ಕೇಳಿಕೊಂಡರೆ ನಿಮ್ಮ ಮುಂದೆ ತಂದಿಡುತ್ತಾರೆ. ಒಂದು ಸಲಕ್ಕೆ ಐದು ವಸ್ತುಗಳವರೆಗೆ ಕೇಳಬಹುದು, ಎರಡು ವಾರ ಮೊದಲೇ ಹೇಳಿರಬೇಕು. ದೂರದಿಂದ ಹೋಗುವವರು ಈ ಎರಡು ವಾರದ ಮಾತನ್ನು ಮರೆಯಬೇಡಿ.

ಎಲ್ಲ ಪ್ರವಾಸವೂ ಮ್ಯೂಸಿಯಂನೊಳಗೇ ಆಗಬೇಕಿಲ್ಲ. ಪ್ಯಾರಿಸ್ಸಿನಲ್ಲಿ ಊರಿನ ಕೆಳಗಿನ ಚರಂಡಿ ನೋಡಲು 1867ರಿಂದಲೇ ಜನ ಹೋಗುತ್ತಿದ್ದಾರೆ, ಈಗ ಅಲ್ಲೇ ಒಂದು ಮ್ಯೂಸಿಯಂ ಇದೆ. ನೀರು ಶುದ್ಧಮಾಡುವ ಘಟಕ, ನಾಟಕದ ರಂಗದ ಹಿಂಭಾಗ, ಹಳೆಯ ಲೈಬ್ರರಿಯ ಪುಸ್ತಕ ರಿಪೇರಿ ಕೋಣೆ, ಇವುಗಳಲ್ಲೂ ಕೇಳಿ ನೋಡಿ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ, 1977ರಿಂದ ಆಚರಣೆಯಲ್ಲಿದೆ. ಆ ದಿನದ ಆಸುಪಾಸಿನಲ್ಲಿ ಬೇರೆ ದಿನ ತೆರೆಯದ ಎಷ್ಟೋ ಬಾಗಿಲು ತೆರೆಯುತ್ತವೆ.

ಒಳಕೋಣೆಯ ರೀತಿ-ನೀತಿ

ಬ್ಯಾಗು ಹೊರಗೆ ಬಿಡಿ, ಇಲ್ಲವೇ ಎದೆಗೆ ಹಾಕಿಕೊಳ್ಳಿ. ಬೆನ್ನಮೇಲಿದ್ದರೆ ತಿರುಗಿದಾಗ ಏನಕ್ಕೆ ತಾಗಿತು ಅಂತ ಗೊತ್ತಾಗುವುದಿಲ್ಲ. ಬರೆದುಕೊಳ್ಳಲು ಪೆನ್ಸಿಲ್ ಒಯ್ಯಿರಿ, ಶಾಯಿ ಬೇಡ. ತಿಂಡಿ ಪೊಟ್ಟಣವಂತೂ ಬೇಡವೇ ಬೇಡ. ಬಿದ್ದ ಚೂರಿಗೆ ಹುಳ ಬರುತ್ತದೆ, ಹುಳ ಬಂದರೆ ಉಣ್ಣೆ, ಚರ್ಮ, ಕಾಗದ ಯಾವುದೂ ಉಳಿಯುವುದಿಲ್ಲ. ಮೂಲೆಯಲ್ಲಿ ಅಂಟು ಹಚ್ಚಿದ ಪುಟ್ಟ ರಟ್ಟಿನ ಬಲೆ ಕಂಡರೆ ಅದರ ಬಗ್ಗೆಯೂ ಕೇಳಿ. ಯಾವ ಹುಳ, ಯಾವ ತಿಂಗಳು, ಎಷ್ಟು ಬಿದ್ದವು ಅಂತ ಲೆಕ್ಕ ಇಟ್ಟಿರುತ್ತಾರೆ.

ಚಿತ್ರ ಶುಚಿ ಮಾಡುವವರು ಸಿಕ್ಕರೆ ಏನು ಬಳಸುತ್ತೀರಿ ಅಂತ ಕೇಳಿ. ಹತ್ತಿ ಸುತ್ತಿದ ಕಡ್ಡಿಯನ್ನು ತಮ್ಮ ಎಂಜಲಲ್ಲಿ ಒದ್ದೆ ಮಾಡಿ ಒರೆಸುತ್ತೇವೆ ಅಂದರೆ ಗಾಬರಿಯಾಗಬೇಡಿ. ಇದು ಬಹಳ ಹಳೆಯ ವಿದ್ಯೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಕೊಳೆಯನ್ನು ಬಿಡಿಸುತ್ತದೆ ಅಂತ ಪೋರ್ಚುಗಲ್‌ನ ತಜ್ಞರು 1990ರಲ್ಲಿ ಪರೀಕ್ಷಿಸಿಯೇ ತೋರಿಸಿದ್ದಾರೆ.

ಹೊರಡುವ ಮುಂಚೆ ಒಂದು ಪ್ರಶ್ನೆ

‘ಏನು ಅಂತ ನಿಮಗೂ ಗೊತ್ತಾಗದ ವಸ್ತು ಯಾವುದಾದರೂ ಇದೆಯಾ?’ ನಾನು ಎಲ್ಲೇ ಹೋದರೂ ಇದನ್ನು ಕೇಳದೆ ಬರುವುದಿಲ್ಲ. ಒಂದು ಸಣ್ಣ ಮ್ಯೂಸಿಯಂನಲ್ಲಿ ಇದನ್ನು ಕೇಳಿದಾಗ ಅಲ್ಲಿನ ಹಿರಿಯರು ಡ್ರಾಯರ್ ಎಳೆದು ಒಂದು ವಸ್ತು ತೋರಿಸಿದರು. ಉದ್ದನೆಯ ಮರದ ಹಿಡಿ, ತುದಿಯಲ್ಲಿ ನಾಯಿಯ ಕೋರೆಹಲ್ಲಿನ ಹಾಗೆ ಬಾಗಿದ ನುಣುಪಾದ ಕಲ್ಲು. ಚೀಟಿಯಲ್ಲಿ ‘ಬಳಕೆ ತಿಳಿದಿಲ್ಲ’ ಅಂತ ಇತ್ತು. ನನ್ನ ಜೊತೆ ಒಳಗೆ ಬಂದಿದ್ದ ವಯಸ್ಸಾದ ಒಬ್ಬರು ಬಗ್ಗಿ ನೋಡಿದರು. ‘ನಾನು ಬೈಂಡಿಂಗ್ ಕೆಲಸ ಮಾಡುತ್ತಿದ್ದೆ. ಪುಸ್ತಕದ ಅಂಚಿಗೆ ಚಿನ್ನದ ರೇಕು ಹಚ್ಚಿದ ಮೇಲೆ ಇದರಲ್ಲಿ ಉಜ್ಜಬೇಕು, ಆಗ ಹೊಳಪು ಬರುತ್ತೆ’ ಅಂದರು. ಗಾಳಿಯಲ್ಲೇ ಉಜ್ಜಿ ತೋರಿಸಿದರು, ಕೈ ಇನ್ನೂ ಮರೆತಿರಲಿಲ್ಲ.

ಹಿರಿಯರು ಜೇಬಿನಿಂದ ಪೆನ್ಸಿಲ್ ತೆಗೆದರು. ಚೀಟಿಯ ಹಳೆಯ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ ಬೈಂಡಿಂಗ್‌ನವರು ಹೇಳಿದ್ದನ್ನು ಬರೆದು, ಆ ದಿನದ ತಾರೀಖು ಹಾಕಿ, ಡ್ರಾಯರ್ ಮುಚ್ಚಿದರು.